ಹಣೆಯ ಹಿಂದಿನ ಮಿದುಳಿಗೆ ಪೆಟ್ಟಾದವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ

ಆಸ್ಪತ್ರೆಯಿಂದ ಮನೆಗೆ ಬಂದಾಯಿತು. ಹೊಲಿಗೆ ಒಣಗಿದೆ. ಓಡಾಡುತ್ತಾರೆ, ಊಟ ಮಾಡುತ್ತಾರೆ, ಎಲ್ಲರ ಗುರುತೂ ಹಿಡಿಯುತ್ತಾರೆ. ನೋಡಲು ಬಂದ ನೆಂಟರು "ದೇವರು ದೊಡ್ಡವನು, ಮೊದಲಿನ ಹಾಗೇ ಇದ್ದಾರಲ್ಲ" ಎಂದು ಹೇಳಿ ಹೋಗುತ್ತಾರೆ. ಮೊದಲಿನ ಹಾಗೆ ಇಲ್ಲ ಅನ್ನುವುದು ಮನೆಯವರಿಗೆ ಮಾತ್ರ ಗೊತ್ತು. ಅಂಥ ಮನೆಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ತಿಪಟೂರಿನವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮನೆಯವರದು ಕೊಬ್ಬರಿ ವ್ಯಾಪಾರ. ಹರಾಜು ಮುಗಿಸಿಕೊಂಡು ಬರುವಾಗ ಬೈಕಿನಿಂದ ಬಿದ್ದರು. ಪೆಟ್ಟಾದದ್ದು ಮಿದುಳಿನ ಮುಂಭಾಗಕ್ಕೆ, ಡಾಕ್ಟರು ಪ್ರಿಫ್ರಂಟಲ್ ಕಾರ್ಟೆಕ್ಸ್ ಎನ್ನುವ ಜಾಗಕ್ಕೆ. ಆಮೇಲಿನ ವರ್ಷಗಳಲ್ಲಿ ಕಲಿತದ್ದರಲ್ಲಿ ಒಂದನ್ನು ಮಾತ್ರ ಹೇಳು ಅಂದರೆ ಇಷ್ಟು ಹೇಳುತ್ತೇನೆ: ಬುದ್ಧಿ ಹೇಳುವುದನ್ನು ಬಿಡಿ, ಮನೆಯನ್ನು ಬದಲಿಸಿ. ಆ ಜಾಗ ಒಳಗಿಂದ ಮಾಡುತ್ತಿದ್ದ ಕೆಲಸವನ್ನು ಈಗ ಗೋಡೆ, ಗಡಿಯಾರ, ಚೀಟಿ, ಬ್ಯಾಂಕು, ಅಕ್ಕಪಕ್ಕದವರು ಹಂಚಿಕೊಂಡು ಹೊರಗಿಂದ ಮಾಡಬೇಕು.

ಮೊದಲು ಆ ಜಾಗದ ಕೆಲಸ ತಿಳಿದುಕೊಳ್ಳಿ

ನೋಡುವುದು, ಕೇಳುವುದು, ಕೈಕಾಲು ಆಡಿಸುವುದು ಮಿದುಳಿನ ಬೇರೆ ಭಾಗಗಳ ಕೆಲಸ. ಅದಕ್ಕೇ ಹಣೆಯ ಹಿಂದೆ ಪೆಟ್ಟಾದವರು ಹೊರನೋಟಕ್ಕೆ ಚೆನ್ನಾಗಿಯೇ ಕಾಣುತ್ತಾರೆ. ಯಾವುದನ್ನು ಶುರು ಮಾಡಬೇಕು, ಯಾವುದನ್ನು ತಡೆಯಬೇಕು, ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಯಾವಾಗ ಹೊರಳಬೇಕು, ನಾಳೆಗೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ಇವತ್ತು ಹೇಗೆ ನಡೆದುಕೊಳ್ಳಬೇಕು, ಇದೆಲ್ಲ ಈ ಜಾಗದ್ದು.

ಇದರಲ್ಲೂ ಒಳಭಾಗಗಳಿವೆ. ಮೇಲಿನ ಹೊರಮೈ ಒಂದು ಅಂಕಿಯನ್ನೋ ಮಾತನ್ನೋ ತಲೆಯಲ್ಲಿ ಹಿಡಿದುಕೊಂಡು ಕೆಲಸ ಮಾಡಲು, ಯಾವುದು ಮೊದಲು ಯಾವುದು ಆಮೇಲೆ ಎಂದು ಜೋಡಿಸಲು ಬೇಕು. ಕಣ್ಣುಗೂಡಿನ ಮೇಲಿರುವ ಭಾಗ ಬಾಯಿಗೆ ಬಂದದ್ದನ್ನು ತಡೆಯುತ್ತದೆ, ಎದುರಿಗಿದ್ದವರ ಮನಸ್ಸು ನೋಡಿ ನಡೆಯುವುದಕ್ಕೆ, ಲಾಭನಷ್ಟ ತೂಗುವುದಕ್ಕೆ ನೆರವಾಗುತ್ತದೆ. ಮಿದುಳಿನ ಎಡಬಲ ಹೋಳುಗಳು ಎದುರುಬದುರಾಗುವ ಒಳಮೈಯಿಂದ 'ಏಳು, ಮಾಡು' ಎನ್ನುವ ಒತ್ತಾಸೆ ಬರುತ್ತದೆ. ಪೆಟ್ಟು ಈ ಗಡಿಗಳನ್ನು ನೋಡಿಕೊಂಡು ಬೀಳುವುದಿಲ್ಲ. ಹಾಗಾಗಿ ಒಬ್ಬರಲ್ಲೇ ಎರಡು ಮೂರು ತೊಂದರೆ ಬೆರೆತಿರುತ್ತವೆ.

ತಲೆಯ ಹಿಂಭಾಗ ನೆಲಕ್ಕೆ ಬಡಿದರೂ ಮುಂಭಾಗಕ್ಕೆ ಗಾಯವಾಗಬಹುದು. ಕಣ್ಣುಗೂಡಿನ ಮೇಲಿನ ಮೂಳೆ ಒಳಬದಿಯಲ್ಲಿ ಒರಟು. ತಲೆ ಜೋರಾಗಿ ಅಲುಗಿದಾಗ ಮಿದುಳಿನ ತಳ ಅದಕ್ಕೆ ಉಜ್ಜುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಕಾಣದೆ ಆಮೇಲೆ ಎಂ.ಆರ್.ಐ.ನಲ್ಲಿ ಕಾಣುವುದೂ ಉಂಟು. "ಸ್ಕ್ಯಾನ್ ಸರಿ ಇದೆ, ಇದೆಲ್ಲ ನಾಟಕ" ಎಂದು ಯಾರಾದರೂ ಅಂದರೆ ನಂಬಬೇಡಿ.

ಗೇಜ್ ಎಂಬ ಮನುಷ್ಯನ ಕಥೆ

ಈ ವಿಷಯ ಓದಿದರೆ ಫಿನಿಯಾಸ್ ಗೇಜ್ ಹೆಸರು ಸಿಕ್ಕೇ ಸಿಗುತ್ತದೆ. ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಎಂಬಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುವ ತಂಡದ ಮೇಸ್ತ್ರಿ ಅವನು. ವಯಸ್ಸು 25. 1848ರ ಸೆಪ್ಟೆಂಬರ್ 13ರಂದು ಮದ್ದು ಸಿಡಿದು, ಮೂರೂವರೆ ಅಡಿಗಿಂತ ಉದ್ದದ, ಸುಮಾರು 6 ಕಿಲೋ ತೂಕದ ಕಬ್ಬಿಣದ ಸರಳು ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಗೆ ಹೋಯಿತು. ಆತ ಬದುಕಿದ, ನಡೆದಾಡಿದ, ಮಾತಾಡಿದ. ಆದರೆ ಸ್ವಭಾವ ಬದಲಾಗಿತ್ತು. ಒಳ್ಳೆಯ ಮೇಸ್ತ್ರಿ ಅನ್ನಿಸಿಕೊಂಡಿದ್ದವನು ಬೈಗುಳ, ಹಟ, ನಿಮಿಷಕ್ಕೊಂದು ಯೋಜನೆ ಅನ್ನುವ ಹಾಗಾದ. ಗೆಳೆಯರು ಇವನು ನಮ್ಮ ಗೇಜೇ ಅಲ್ಲ ಎಂದರು ಅಂತ ನೋಡಿಕೊಂಡ ಡಾಕ್ಟರ್ ಜಾನ್ ಹಾರ್ಲೋ 1868ರಲ್ಲಿ ಬರೆದರು.

ಸಾಮಾನ್ಯವಾಗಿ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯವಾದದ್ದು ಆಮೇಲಿನದು. ಗೇಜ್ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆಬಂಡಿ ಓಡಿಸಿದ. ಕುದುರೆ ಕಟ್ಟಬೇಕು, ಪ್ರಯಾಣಿಕರನ್ನು ಹತ್ತಿಸಬೇಕು, ಗೊತ್ತಾದ ಹೊತ್ತಿಗೆ ಗೊತ್ತಾದ ದಾರಿಯಲ್ಲಿ ಹೊರಡಬೇಕು. ದಿನವೂ ಒಂದೇ ಕ್ರಮ. ಆ ಕೆಲಸದ ಕಟ್ಟುಪಾಡೇ ಅವನನ್ನು ಎಷ್ಟೋ ಮಟ್ಟಿಗೆ ಮತ್ತೆ ನಿಲ್ಲಿಸಿತು ಎಂದು ಅವನ ಬಗ್ಗೆ ಆಳವಾಗಿ ಹುಡುಕಿದ ಮ್ಯಾಲ್ಕಮ್ ಮ್ಯಾಕ್‌ಮಿಲನ್ ವಾದಿಸುತ್ತಾರೆ. 1860ರಲ್ಲಿ ಫಿಟ್ಸ್ ಬಂದು ತೀರಿಕೊಂಡ. ಇದನ್ನು ಓದಿದ ದಿನ ನನಗೆ ಮಂಡಿಯಲ್ಲಿ ಇವರಿಗೆ ಎಂಥ ಕೆಲಸ ಕೊಡಬೇಕು ಅನ್ನುವುದು ಹೊಳೆಯಿತು. ಅದನ್ನು ಮುಂದೆ ಹೇಳುತ್ತೇನೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ

ಡಾಕ್ಟರ ಕೋಣೆಯಲ್ಲಿ ಇವರು ಚೆನ್ನಾಗಿಯೇ ಉತ್ತರ ಕೊಡುತ್ತಾರೆ. ಯಾಕೆಂದರೆ ಅಲ್ಲಿ ಗಲಾಟೆ ಇಲ್ಲ, ಒಂದು ಸಲಕ್ಕೆ ಒಂದೇ ಪ್ರಶ್ನೆ, ಮುಂದೇನು ಎಂದು ಹೇಳಲು ಎದುರಿಗೆ ಒಬ್ಬರು ಕೂತಿರುತ್ತಾರೆ. ಪೆಟ್ಟಾದ ಭಾಗದ ಕೆಲಸವನ್ನು ಡಾಕ್ಟರೇ ಮಾಡುತ್ತಿರುತ್ತಾರೆ. 1991ರಲ್ಲಿ ಟಿಮ್ ಶಾಲಿಸ್, ಪಾಲ್ ಬರ್ಜೆಸ್ ಎಂಬಿಬ್ಬರು ಸಂಶೋಧಕರು ಹಣೆಯ ಭಾಗಕ್ಕೆ ಪೆಟ್ಟಾಗಿದ್ದ ಮೂವರನ್ನು ಅಂಗಡಿ ಬೀದಿಗೆ ಕಳಿಸಿ ನೋಡಿದರು. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಮೂವರೂ ಚೆನ್ನಾಗಿ ಮಾಡಿದವರು. ಆದರೆ ಸಣ್ಣಪುಟ್ಟ ಸಾಮಾನು ತರುವ, ಕೆಲವು ವಿಷಯ ವಿಚಾರಿಸುವ ಕೆಲಸದಲ್ಲಿ ಎಡವಿದರು. ಕೋಣೆಯ ಒಳಗಿನ ಪರೀಕ್ಷೆಗೂ ಬೀದಿಗೂ ಅಷ್ಟು ದೂರ.

ಅದಕ್ಕೆ ಬೀದಿಯನ್ನು ನೀವೇ ಬರೆದುಕೊಂಡು ಹೋಗಿ. ಎರಡು ವಾರ ಸಾಕು. ಏನಾಯಿತು, ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನು ನಡೆದಿತ್ತು, ಆಮೇಲೆ ಹೇಗೆ ತಣ್ಣಗಾಯಿತು. 'ಕೋಪ ಜಾಸ್ತಿ' ಎಂದು ಬರೆಯಬೇಡಿ. 'ಸಂಜೆ ಆರಕ್ಕೆ, ಟಿ.ವಿ. ಜೋರಾಗಿತ್ತು, ಮಗ ಫೀಸು ಕೇಳಿದ, ತಟ್ಟೆ ಎಸೆದರು' ಎಂದು ಬರೆಯಿರಿ. ನಮ್ಮ ಪುಸ್ತಕದಲ್ಲಿ ಜಗಳಗಳೆಲ್ಲ ಸಂಜೆಯಲ್ಲೇ ತುಂಬಿದ್ದವು. ಮಿದುಳಿಗೆ ಪೆಟ್ಟಾದವರಿಗೆ ಬೇಗ ದಣಿವಾಗುತ್ತದೆ, ದಣಿದಾಗ ತಡೆಯುವ ಶಕ್ತಿ ಮೊದಲು ಸೋಲುತ್ತದೆ. ಬ್ಯಾಂಕು, ಡಾಕ್ಟರು, ನೆಂಟರ ಮನೆ, ಎಲ್ಲವನ್ನೂ ಬೆಳಗಿನ ಹೊತ್ತಿಗೆ ತಂದೆವು, ಮಧ್ಯಾಹ್ನ ಮಲಗುವ ಹೊತ್ತು ಗೊತ್ತು ಮಾಡಿದೆವು. ಅಷ್ಟಕ್ಕೇ ಮನೆ ಎಷ್ಟೋ ತಣ್ಣಗಾಯಿತು.

ಆ ಪುಸ್ತಕ ಹಿಡಿದುಕೊಂಡು ಹೋಗಿ ನ್ಯೂರೋಸೈಕಾಲಜಿ ಪರೀಕ್ಷೆ, ಅಂದರೆ ಮಿದುಳಿನ ಯಾವ ಕೆಲಸ ಎಷ್ಟು ನಡೆಯುತ್ತಿದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಿಕೊಡಿ ಎಂದು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ನಮ್ಮ ದೇಶದವರಿಗೆ ಹೊಂದುವ ಪರೀಕ್ಷೆಗಳ ಗುಚ್ಛವೊಂದನ್ನು ಅಲ್ಲೇ ರೂಪಿಸಿ 2004ರಲ್ಲಿ ಹೊರತಂದಿದ್ದಾರೆ. ಇಂಥ ಪರೀಕ್ಷೆಗಳಲ್ಲಿ ಚೀಟಿಗಳನ್ನು ಬಣ್ಣದ ಪ್ರಕಾರ, ಆಕಾರದ ಪ್ರಕಾರ ಬೇರೆ ಮಾಡಿಸುತ್ತಾರೆ, ನಡುವೆ ಹೇಳದೆ ನಿಯಮ ಬದಲಿಸುತ್ತಾರೆ. ಕೆಲವರು ಹಳೇ ನಿಯಮದಲ್ಲೇ ಸಿಕ್ಕಿಕೊಳ್ಳುತ್ತಾರೆ. ಮುಷ್ಟಿ, ಅಂಗೈ ಅಂಚು, ಅಂಗೈ ಎಂದು ಕೈಯನ್ನು ಸಾಲಾಗಿ ಮೇಜಿಗೆ ತಟ್ಟಿಸುವ ಪರೀಕ್ಷೆಯೂ ಉಂಟು. ವರದಿ ಬಂದ ಮೇಲೆ ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಬಿಡಿಸಿ ಕೇಳಿ.

ಒಂದು ವಿಷಯದಲ್ಲಿ ಮಾತ್ರ ಎರಡು ವಾರ ಕಾಯಬೇಡಿ. ಮೊದಲು ಸುಧಾರಿಸುತ್ತಿದ್ದವರು ಇದ್ದಕ್ಕಿದ್ದಂತೆ ಮಂಕಾದರೆ, ತಲೆನೋವು, ವಾಂತಿ, ಜಾಸ್ತಿ ನಿದ್ದೆ, ಒಂದು ಕೈ ಅಥವಾ ಕಾಲು ಸೋಲುವುದು ಕಂಡರೆ, ಫಿಟ್ಸ್ ಬಂದರೆ, ಆ ಕ್ಷಣವೇ 108ಕ್ಕೆ ಫೋನ್ ಮಾಡಿ. ತಲೆಬುರುಡೆಯ ಒಳಗೆ ನಿಧಾನಕ್ಕೆ ರಕ್ತ ಕಟ್ಟಿಕೊಂಡು ವಾರಗಳ ನಂತರ ತೊಂದರೆ ಕೊಡುವುದುಂಟು.

ಸುಮ್ಮನೆ ಕೂತವರನ್ನು ಏಳಿಸುವುದು

ಬೈದಾಡುವವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಸುಮ್ಮನೆ ಕೂತವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮತ್ತೆ ಕೂಡ ಮೊದಮೊದಲು "ಈಗ ಎಷ್ಟು ಶಾಂತವಾಗಿದಾನೆ ನೋಡಮ್ಮಾ" ಅನ್ನುತ್ತಿದ್ದರು. ಅದು ಶಾಂತಿ ಅಲ್ಲ, ಶುರು ಮಾಡುವ ಶಕ್ತಿ ಹೋಗಿರುವುದು. ಒಂದು ಕಾಲದಲ್ಲಿ ಡಾಕ್ಟರುಗಳೂ ಇದನ್ನೇ ಗುಣವಾದ ಲಕ್ಷಣ ಎಂದುಕೊಂಡಿದ್ದರು. 1935ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೋನಿಜ್ ಮಾನಸಿಕ ರೋಗಿಗಳ ಮಿದುಳಿನ ಈ ಭಾಗದ ನರತಂತುಗಳನ್ನು ಕಡಿಯುವ ಶಸ್ತ್ರಚಿಕಿತ್ಸೆ ಶುರು ಮಾಡಿದರು, 1949ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿಯೂ ಬಂತು. ಎಷ್ಟೋ ಜನ ರೋಗಿಗಳು ಸದ್ದಿಲ್ಲದೆ ಮೂಲೆಯಲ್ಲಿ ಕೂತುಬಿಟ್ಟರು. ಆ ಇತಿಹಾಸ ಓದುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ನಮ್ಮನೆಯವರು ಸ್ನಾನಕ್ಕೆ ನೀರು ಕಾದಿದೆ ಅಂದರೆ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿರುತ್ತಿದ್ದರು. ನೀರು ಆರುವವರೆಗೂ. "ಯಾಕೆ ನಿಂತಿದೀರಿ" ಎಂದು ಕೇಳಿದರೆ "ಹೋಗ್ತೀನಿ" ಅನ್ನುತ್ತಿದ್ದರು, ಹೋಗುತ್ತಿರಲಿಲ್ಲ. ಇದು ಸೋಮಾರಿತನ ಅಲ್ಲ.

ಇಲ್ಲಿ 'ಯಾಕೆ' ಎಂದು ಕೇಳಿ ಉಪಯೋಗವಿಲ್ಲ. 'ಸ್ನಾನ ಮಾಡಿ' ಕೂಡ ತುಂಬ ದೊಡ್ಡ ಮಾತು. ಅದರ ಮೊದಲ ಚೂರನ್ನಷ್ಟೇ ಹೇಳಿ: "ರೀ, ಚೊಂಬು ಕೈಗೆ ತಗೊಳ್ಳಿ." ಚೊಂಬು ಕೈಗೆ ಬಂದರೆ ಮುಂದಿನದು ಅಭ್ಯಾಸದಿಂದ ತಾನೇ ನಡೆಯುತ್ತದೆ. ಪ್ರತಿ ಕೆಲಸಕ್ಕೂ ಇಂಥ ಒಂದು ಮೊದಲ ಚೂರು ಇರುತ್ತದೆ, ಅದನ್ನು ಹುಡುಕಿಕೊಳ್ಳಿ. ಹಲ್ಲುಜ್ಜಲು ಬ್ರಷ್ಷಿಗೆ ಪೇಸ್ಟ್ ಹಾಕಿ ಕೈಗೆ ಕೊಡುವುದು, ವಾಕಿಂಗ್‌ಗೆ ಚಪ್ಪಲಿ ತಂದು ಮುಂದಿಡುವುದು.

ಆಮೇಲೆ ನಿಮ್ಮ ದನಿಯ ಜಾಗಕ್ಕೆ ಬೇರೆ ಗುರುತು ತನ್ನಿ. ಇಲ್ಲದಿದ್ದರೆ ನೀವು ದಿನವಿಡೀ ಹೇಳುವವರು, ಅವರು ಹೇಳಿಸಿಕೊಳ್ಳುವವರು ಅನ್ನುವ ಹಾಗಾಗುತ್ತದೆ, ಸಂಸಾರ ಹುಳಿಯಾಗುತ್ತದೆ. ಫೋನಿನ ಅಲಾರಂಗೆ ಹೆಸರು ಕೊಡಿ. 'ಮಾತ್ರೆ' ಎಂದಷ್ಟೇ ಬೇಡ, 'ಫ್ರಿಜ್ಜಿನ ಮೇಲಿನ ನೀಲಿ ಡಬ್ಬಿಯಿಂದ ಬೆಳಗಿನ ಮಾತ್ರೆ' ಎಂದು ಬರೆಯಿರಿ. ಬಚ್ಚಲ ಬಾಗಿಲಿನ ಒಳಗೆ ಒಂದು ಚೀಟಿ, ದೊಡ್ಡ ಅಕ್ಷರ, ಐದು ಸಾಲಿಗಿಂತ ಹೆಚ್ಚು ಬೇಡ. ವಸ್ತುಗಳ ಜಾಗ ಬದಲಿಸಬೇಡಿ. ಹೊಸ ಕೆಲಸ ಕಲಿಸುವಾಗ 'ಊಹಿಸಿ ನೋಡೋಣ' ಎನ್ನಬೇಡಿ. ತಪ್ಪಾಗಿ ಮಾಡಿದ್ದೇ ಅಭ್ಯಾಸವಾಗಿಬಿಡಬಹುದು. ಜೊತೆಗೆ ನಿಂತು ಸರಿಯಾಗಿಯೇ ಮಾಡಿಸಿ, ಕೈ ಕುದುರಿದ ಮೇಲೆ ಹಿಂದೆ ಸರಿಯಿರಿ.

ಬಾಯಿ, ಕೋಪ, ಸಿಕ್ಕಿಕೊಳ್ಳುವುದು

ತಡೆಯುವ ಭಾಗಕ್ಕೆ ಪೆಟ್ಟಾದವರು ಮನಸ್ಸಿಗೆ ಬಂದದ್ದನ್ನು ಹೇಳಿಬಿಡುತ್ತಾರೆ. ಹೆಂಗಸರ ಎದುರು ಆಡಬಾರದ ಮಾತು, ಮದುವೆ ಮನೆಯಲ್ಲಿ ಜೋರು ನಗು, ಪಕ್ಕದವರ ಎಲೆಗೆ ಕೈ. ಆಗ ಅಲ್ಲೇ ನಿಂತು ವಾದ ಮಾಡಬೇಡಿ. ವಾದ ಕೇಳಿಸಿಕೊಂಡು ತಿದ್ದಿಕೊಳ್ಳಬೇಕಾದದ್ದೇ ಆ ಪೆಟ್ಟಾದ ಜಾಗ. ದನಿ ತಗ್ಗಿಸಿ ಒಂದೇ ಮಾತು ಹೇಳಿ, ಜಾಗ ಬದಲಿಸಿ: "ಬನ್ನಿ, ಹೊರಗೆ ಕೂರೋಣ." ಸಮಾಧಾನವಾಗಿರುವಾಗ ಇಬ್ಬರೂ ಒಪ್ಪಿದ ಒಂದು ಸನ್ನೆ ಇಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ನಾನು ಅವರ ಮೊಣಕೈ ಮುಟ್ಟುತ್ತೇನೆ. ಮುಟ್ಟಿದರೆ ನಿಲ್ಲಿಸಬೇಕು ಅಂತ ಅವರೇ ಒಪ್ಪಿದ್ದಾರೆ.

ಮನೆಗೆ ಬರುವವರಿಗೆ ಮುಂಚೆಯೇ ಹೇಳಿಬಿಡಿ. "ತಲೆಗೆ ಪೆಟ್ಟಾದ ಮೇಲೆ ಮಾತು ತಡೆಯೋಕೆ ಆಗಲ್ಲ, ಬೇಜಾರು ಮಾಡ್ಕೋಬೇಡಿ" ಎಂದರೆ ಸಾಕು. ನಾಚಿಕೆಯಿಂದ ಮುಚ್ಚಿಟ್ಟರೆ ಊರು ತನಗೆ ತೋಚಿದ ಕಾರಣ ಕಟ್ಟುತ್ತದೆ, ಕುಡಿತ ಅನ್ನುತ್ತದೆ, ಮಾಟ ಅನ್ನುತ್ತದೆ. ಕುಡಿತದ ಮಾತು ಬಂತು, ಹೇಳಿಬಿಡುತ್ತೇನೆ: ಒಂದು ಹನಿಯೂ ಬೇಡ. ತಡೆ ಮತ್ತಷ್ಟು ಸಡಿಲವಾಗುತ್ತದೆ, ಫಿಟ್ಸ್ ಬರುವ ಅಪಾಯ ಹೆಚ್ಚುತ್ತದೆ. ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಲೂಬೇಡಿ.

ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ, ಒಂದೇ ಕೆಲಸದಲ್ಲಿ ಸಿಕ್ಕಿಕೊಂಡರೆ, ಮಾತಿನಿಂದ ಬಿಡಿಸಲು ಹೋಗಬೇಡಿ. ಎಬ್ಬಿಸಿ, ಎರಡು ಹೆಜ್ಜೆ ನಡೆಸಿ, ಕೈಗೆ ಬೇರೆ ವಸ್ತು ಕೊಡಿ. ಮೈ ಹೊರಳಿದರೆ ಗಮನವೂ ಹೊರಳುತ್ತದೆ.

"ನಂಗೇನೂ ಆಗಿಲ್ಲ" ಎಂದಾಗ

ಇದು ಮನೆಯವರನ್ನು ಹೆಚ್ಚು ಕಾಡುವ ಮಾತು. ಇದರಲ್ಲಿ ಸುಳ್ಳಿಲ್ಲ. ತನ್ನನ್ನು ತಾನು ನೋಡಿಕೊಳ್ಳುವುದೂ ಇದೇ ಭಾಗದ ಕೆಲಸವಾದ್ದರಿಂದ ತನಗಾದ ಕೊರತೆ ತನಗೇ ಕಾಣುವುದಿಲ್ಲ. ಸಾಕ್ಷಿ ಸಮೇತ ಸಾಬೀತು ಮಾಡಲು ಹೋದರೆ ಜಗಳವಾಗುತ್ತದೆ. ಅದರ ಬದಲು ಕೆಲಸಕ್ಕೆ ಮುಂಚೆ ಅವರಿಂದಲೇ ಅಂದಾಜು ಹೇಳಿಸಿ. "ಈ ಬಿಲ್ಲುಗಳನ್ನು ಜೋಡಿಸೋಕೆ ಎಷ್ಟು ಹೊತ್ತು ಬೇಕು, ಎಷ್ಟು ತಪ್ಪಾಗಬಹುದು?" ಅವರು ಹೇಳಿದ್ದನ್ನು ಬರೆಯಿರಿ. ಮುಗಿದ ಮೇಲೆ ಅವರೇ ಹೋಲಿಸಿ ನೋಡಲಿ, ನೀವು ಮಾತಾಡಬೇಡಿ. ಹೀಗೆ ಮಾಡುತ್ತಾ ಹೋದಾಗ "ಇದಕ್ಕೆ ನೀನೂ ಕೂತ್ಕೋ" ಎಂದು ಅವರೇ ಕರೆಯುವಂತಾಯಿತು.

ದುಡ್ಡು

ಅಮೆರಿಕದ ಅಯೋವಾದಲ್ಲಿ ಆಂಟೋನಿಯೊ ಡಮಾಸಿಯೊ, ಆಂಟೊಯಿನ್ ಬೆಕಾರಾ ಮುಂತಾದ ಮಿದುಳಿನ ಸಂಶೋಧಕರು 1994ರಲ್ಲಿ ಇಸ್ಪೀಟಿನಂಥ ಒಂದು ಆಟವನ್ನು ಪರೀಕ್ಷೆಯಾಗಿ ಪ್ರಕಟಿಸಿದರು. ನಾಲ್ಕು ಕಟ್ಟು. ಎರಡರಲ್ಲಿ ದೊಡ್ಡ ಲಾಭ, ಅದಕ್ಕಿಂತ ದೊಡ್ಡ ನಷ್ಟ. ಇನ್ನೆರಡರಲ್ಲಿ ಸಣ್ಣ ಲಾಭ, ಸಣ್ಣ ನಷ್ಟ, ಕೊನೆಗೆ ಕೈಯಲ್ಲಿ ಉಳಿಯುವುದು ಇದರಲ್ಲೇ. ಆರೋಗ್ಯವಂತರು ಸ್ವಲ್ಪ ಹೊತ್ತಿಗೆ ಕೆಟ್ಟ ಕಟ್ಟು ಬಿಡುತ್ತಾರೆ. ಈ ಭಾಗದ ಕೆಳಮಧ್ಯಕ್ಕೆ ಪೆಟ್ಟಾದವರು ಬಿಡಲಿಲ್ಲ. ಯಾವುದು ಕೆಟ್ಟದ್ದು ಎಂದು ಬಾಯಲ್ಲಿ ಹೇಳಬಲ್ಲವರೂ ಅದನ್ನೇ ಎಳೆದರು. ಕೈ ಹಾಕುವ ಮುಂಚೆ ಮೈಗೆ ಆಗುವ ಸಣ್ಣ ಅಳುಕು ಅವರಿಗೆ ಆಗಲೇ ಇಲ್ಲ.

ವ್ಯಾಪಾರಸ್ಥರ ಮನೆಯಲ್ಲಿ ಇದರ ಅರ್ಥ ಏನು ಅಂತ ನಾನು ಬಲ್ಲೆ. ಕೊಬ್ಬರಿ ದರ ಬಾಯಲ್ಲಿ ಸರಿಯಾಗಿ ಹೇಳುತ್ತಾರೆ, ಯಾರಿಗೆ ಸಾಲ ಕೊಡಬಾರದು ಎಂದೂ ಹೇಳುತ್ತಾರೆ, ಸಂಜೆಗೆ ಅವರಿಗೇ ಕೊಟ್ಟುಬರುತ್ತಾರೆ. ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವಿನ ದಾರಿ ಕಡಿದಿದೆ. ಹಾಗಾಗಿ ಆಣೆ ಹಾಕಿಸಿಕೊಳ್ಳುವುದು, ಮಾತು ತೆಗೆದುಕೊಳ್ಳುವುದು ಕೆಲಸಕ್ಕೆ ಬರುವುದಿಲ್ಲ. ದುಡ್ಡಿನ ದಾರಿಯನ್ನೇ ಕಟ್ಟಬೇಕು.

ನಾವು ಮಾಡಿದ್ದು ಹೀಗೆ. ವ್ಯಾಪಾರದ ಹಣಕ್ಕೆ ಬೇರೆ ಖಾತೆ, ಇಬ್ಬರ ಸಹಿ ಇಲ್ಲದೆ ಚೆಕ್ಕು ಹೋಗುವಂತಿಲ್ಲ. ಅವರ ಫೋನಿನ ಯು.ಪಿ.ಐ.ಗೆ ಜೋಡಿಸಿದ್ದು ಬೇರೊಂದು ಸಣ್ಣ ಖಾತೆ, ಅದಕ್ಕೆ ವಾರದ ಖರ್ಚು ಮಾತ್ರ ಹಾಕುವುದು. ಜೇಬಿನಲ್ಲಿ ದುಡ್ಡೇ ಇಲ್ಲದ ಹಾಗೆ ಮಾಡಬೇಡಿ, ಟೀ ಕುಡಿಸುವ ಮರ್ಯಾದೆ ಗಂಡಸಿಗೂ ಹೆಂಗಸಿಗೂ ಬೇಕು. ಕ್ರೆಡಿಟ್ ಕಾರ್ಡು ವಾಪಸು ಕೊಟ್ಟೆವು. ಸಾಲದ ಆ್ಯಪು, ಜೂಜಿನ ಆ್ಯಪು ಫೋನಿನಲ್ಲಿ ಉಳಿಸಬೇಡಿ. ಜೊತೆಯ ಮಂಡಿಯವರಿಗೆ ನಾನೇ ಹೋಗಿ, ನನ್ನನ್ನೂ ಕೇಳದೆ ಮಾತು ಮುಗಿಸಬೇಡಿ ಎಂದು ಹೇಳಿಬಂದೆ. ಹೆಚ್ಚಿನವರು ಮಾತು ಉಳಿಸಿಕೊಂಡರು. ಇದೆಲ್ಲವನ್ನೂ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ. ಬೆನ್ನ ಹಿಂದೆ ಮಾಡಿದರೆ ನಂಬಿಕೆ ಹೋಗುತ್ತದೆ.

ಕಾನೂನಿನ ನೆರವು ಬೇಕಾದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಸೀಮಿತ ಪೋಷಕತ್ವ ಎಂಬ ವ್ಯವಸ್ಥೆ ಇದೆ. ಅದರಲ್ಲಿ ಪೋಷಕರು ಮತ್ತು ಅವರು ಕೂಡಿ ತೀರ್ಮಾನ ಮಾಡುತ್ತಾರೆ. ಅವರ ಹಕ್ಕನ್ನೆಲ್ಲ ಕಿತ್ತುಕೊಳ್ಳುವುದಿಲ್ಲ. ಇನ್ನೊಂದು ವಾಹನ ಗುದ್ದಿದ ಅಪಘಾತವಾಗಿದ್ದರೆ ಪರಿಹಾರದ ಅರ್ಜಿಗೆ ಕಾನೂನು 6 ತಿಂಗಳ ಗಡುವು ಹಾಕಿದೆ, ಬೇಗ ವಕೀಲರನ್ನು ಕಾಣಿ. ಕೈಕಾಲು ಸರಿ ಇರುವವರನ್ನು ನೋಡಿ ಕೋರ್ಟಿನಲ್ಲಿ 'ಇವರಿಗೇನಾಗಿದೆ' ಎಂದು ಕೇಳುವುದು ಸಹಜ. ಅಲ್ಲಿ ನಿಮ್ಮ ಪರವಾಗಿ ಮಾತಾಡುವುದು ನ್ಯೂರೋಸೈಕಾಲಜಿ ವರದಿಯೇ.

ಗ್ಯಾಸು, ಗಾಡಿ

ವಾಸನೆಯ ನರದ ಎಳೆಗಳು ಈ ಭಾಗದ ತಳದಲ್ಲೇ ಹಾದುಹೋಗುತ್ತವೆ. ಪೆಟ್ಟಿಗೆ ಅವು ಹರಿಯಬಹುದು. ಕಣ್ಣು ಮುಚ್ಚಿಸಿ ಕಾಫಿಪುಡಿ, ಸೋಪು ಮೂಸಲು ಕೊಟ್ಟು ನೋಡಿ. ವಾಸನೆ ಗೊತ್ತಾಗದಿದ್ದರೆ ಅಡುಗೆಮನೆಯಲ್ಲಿ ಒಬ್ಬರನ್ನೇ ಬಿಡಬೇಡಿ. ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ಸೋರಿದರೆ ತಿಳಿಯಲಿ ಎಂದೇ ಮರ್ಕ್ಯಾಪ್ಟನ್ ಎಂಬ ನಾರುವ ರಾಸಾಯನಿಕ ಬೆರೆಸಿರುತ್ತಾರೆ. ಆ ಎಚ್ಚರಿಕೆ ಇವರಿಗೆ ತಲುಪುವುದೇ ಇಲ್ಲ. ಗ್ಯಾಸ್ ಸೋರಿದರೆ ಕೂಗುವ ಯಂತ್ರ ಸಿಗುತ್ತದೆ, ಹಾಕಿಸಿ. ಹಳಸಿದ ಸಾರು ಕೂಡ ಇವರಿಗೆ ಗೊತ್ತಾಗುವುದಿಲ್ಲ.

ಡಾಕ್ಟರು ಒಪ್ಪುವವರೆಗೆ ಬೈಕು, ಕಾರು ಬೇಡ. ಕೀಲಿಯನ್ನು ಕಣ್ಣಿಗೆ ಬೀಳದ ಕಡೆ ಇಡಿ. ಕಣ್ಣಿಗೆ ಬಿದ್ದರೆ ಕೈಗೆ ಬರುತ್ತದೆ, ಕೈಗೆ ಬಂದರೆ ಗಾಡಿ ಹೊರಡುತ್ತದೆ.

ಕೆಲಸಕ್ಕೆ ಮರಳುವುದು

ನಮ್ಮನೆಯವರಿಗೆ ಹರಾಜಿನ ಲೆಕ್ಕ ಕೊಡಲಿಲ್ಲ. ಉಂಡೆ ಕೊಬ್ಬರಿ ಆರಿಸುವ ಕೆಲಸ ಕೊಟ್ಟೆವು. ಒಡಕು ಬೇರೆ, ಬೂಷ್ಟು ಹಿಡಿದದ್ದು ಬೇರೆ, ದಪ್ಪ, ಸಣ್ಣ. ದಿನವೂ ಅದೇ ಜಾಗ, ಅದೇ ಹೊತ್ತು, ಜೊತೆಗೆ ಅದೇ ಇಬ್ಬರು ಹಳೆಯ ಆಳುಗಳು. ಕೊಬ್ಬರಿ ಕೈಯಲ್ಲಿದ್ದರೆ ಮುಂದೇನು ಎಂದು ಕೊಬ್ಬರಿಯೇ ಹೇಳುತ್ತದೆ. ಅವರ ಕಣ್ಣು ಈಗಲೂ ಮಂಡಿಯಲ್ಲಿ ಎಲ್ಲರಿಗಿಂತ ಚುರುಕು. ನಿಮ್ಮವರು ಮೊದಲು ಏನು ಮಾಡುತ್ತಿದ್ದರು ಎಂದು ಯೋಚಿಸಿ, ಅದರೊಳಗೆ ಕೈಗೆ ರೂಢಿಯಾದ, ಕ್ರಮ ಗೊತ್ತಿರುವ ಒಂದು ತುಂಡನ್ನು ಹುಡುಕಿ. ಪೂರ್ತಿ ಹೊಸ ಕೆಲಸ ಬೇಡ.

ಪೆಟ್ಟಾದವರು ಹದಿಹರೆಯದವರಾದರೆ ಇನ್ನೂ ದೂರ ನೋಡಬೇಕು. ಈ ಭಾಗ ಪೂರ್ತಿ ಬಲಿಯುವುದು 25ರ ಆಸುಪಾಸಿಗೆ. ಹೈಸ್ಕೂಲಿನಲ್ಲಿ ಸರಿ ಇದ್ದಂತೆ ಕಂಡ ಹುಡುಗ, ತಾನೇ ಹೊಣೆ ಹೊರಬೇಕಾದ ಕಾಲೇಜಿಗೆ ಹೋದಾಗ ತಡವರಿಸಬಹುದು. ಮೇಷ್ಟ್ರುಗಳಿಗೆ ವಿಷಯ ತಿಳಿಸಿ.

ನೋಡಿಕೊಳ್ಳುವವರು ಕುಸಿದರೆ ಯಾವ ಚೀಟಿಯೂ ನಡೆಯುವುದಿಲ್ಲ. ವಾರದಲ್ಲಿ ಒಂದು ಹೊತ್ತಾದರೂ ಬೇರೆಯವರಿಗೆ ಒಪ್ಪಿಸಿ ಹೊರಗೆ ಹೋಗಿ. ರಾತ್ರಿ ತಡೆಯಲಾಗದಷ್ಟು ಭಾರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗೂ ನಿಜ ಹೇಳಿ. ಅಪ್ಪನಿಗೆ ತನ್ನ ಮೇಲೆ ಪ್ರೀತಿ ಹೋಗಿದೆ ಎಂದು ನನ್ನ ಮಗ ನಂಬಿಕೊಂಡಿದ್ದ. ಮಿದುಳಿನ ಚಿತ್ರ ಬರೆದು ತೋರಿಸಿದ ಮೇಲೆ ಅವನು ಅಪ್ಪನ ಪಕ್ಕ ಮತ್ತೆ ಊಟಕ್ಕೆ ಕೂತ.

ಸುಧಾರಣೆ ಮೊದಲ ತಿಂಗಳುಗಳಲ್ಲಿ ಬೇಗ ಬೇಗ ಆಗುತ್ತದೆ, ಆಮೇಲೆ ನಿಧಾನ. ಆದರೆ ವರ್ಷಗಳವರೆಗೂ ನಡೆಯುತ್ತಿರುತ್ತದೆ. ಆಗಾಗ ಒಂದು ಆಸರೆಯನ್ನು ತೆಗೆದು ನೋಡಿ. ಒಂದು ಸಲಕ್ಕೆ ಒಂದೇ, ಅದೂ ಅವರನ್ನು ಕೇಳಿ. ಬಚ್ಚಲ ಬಾಗಿಲಿನ ಚೀಟಿ ತೆಗೆದು ಎರಡು ವಾರ ನೋಟ್‌ಬುಕ್ಕಿನಲ್ಲಿ ಬರೆದು ನೋಡಿ. ಕೆಲಸ ನಡೆದರೆ ಮುಂದಿನ ಚೀಟಿಗೆ ಹೋಗಿ. ನಿಂತರೆ ಬೇಜಾರಿಲ್ಲದೆ ಮತ್ತೆ ಅಂಟಿಸಿ. ದುಡ್ಡಿನ ಬಿಗಿಯನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಸಡಿಲಿಸಿ.